ಬಿಲ್ಕೊಡೆ: ಒಂದು ಹಳಗನ್ನಡ ಸುಂಕದ ಹೊಸ ಅರ್ಥವಿಚಾರ

ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮೂರು ಸುಂಕಗಳು ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೇ ಓಡಾಡುತ್ತವೆ. ಪೆರ್ಜುಂಕ ಎಂದರೆ ಹಿರಿದಾದ ಸುಂಕ, ಅದರಲ್ಲಿ ತಕರಾರಿಲ್ಲ. ಬಿಲ್ಕೊಡೆಯ ಬಗ್ಗೆ ಮಾತ್ರ ವಿದ್ವಾಂಸರು ವೃಥಾ ತಲೆ ಕೆಡಿಸಿಕೊಂಡಿದ್ದಾರೆ. ಅವರಲ್ಲಿ ಒಬ್ಬರಾದರೂ ಸಂಜೆ ಪೇಟೆಗೆ ಹೋಗಿ ಹತ್ತಡಿ ಪೈಪು, ಎರಡು ನಲ್ಲಿ ಕೊಂಡಿದ್ದರೆ ಪದ ತಾನಾಗಿ ಬಿಡಿಸಿಕೊಳ್ಳುತ್ತಿತ್ತು: ಬಿಲ್, ಕೊಡೆ. ಉತ್ತಮ ಪುರುಷ, ಏಕವಚನ, ನಿಷೇಧಾರ್ಥಕ ಕ್ರಿಯಾಪದ.

‘ಬಿಲ್’ ಇಂಗ್ಲಿಷಿನದು, ಅದು ಈ ನಾಡಿಗೆ ಕಾಲಿಡುವ ಎಷ್ಟೋ ಶತಮಾನ ಮೊದಲೇ ಶಾಸನ ಕಡೆದಾಗಿತ್ತು ಎಂಬ ಆಕ್ಷೇಪ ಬಂದಿದೆ. ಪ್ರಬಂಧಕಾರರು ಅದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುವುದರಿಂದ ತಳ್ಳಿಹಾಕಿದರು.

ಮುಖ್ಯ ಆಕರ 2025ರ ಜುಲೈ ತಿಂಗಳದು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗೋಡೆಗಳಲ್ಲಿ ಸಿಕ್ಕಿದ್ದು. ಕೆಳಪದರದಲ್ಲಿ ಮುದ್ರಿತ ಕ್ಯೂಆರ್ ಕೋಡ್. ಅದರ ಮೇಲೆ ಅಂಟಿಸಿದ ಕೈಬರಹದ ಹಾಳೆಯಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’. ಶಾಸನದ ಮೇಲೊಂದು ಶಾಸನ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ತರಿಸಿಕೊಂಡು, ಜಿಎಸ್‌ಟಿ ನೋಂದಣಿಯಿಲ್ಲದೆ ವಹಿವಾಟಿನ ಗಡಿ ದಾಟಿದಂತೆ ಕಂಡ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು.

ಅವುಗಳಲ್ಲಿ ಶ್ರೇಷ್ಠ ಪಾಠ ಹಾವೇರಿಯದು. ಅಲ್ಲಿನ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟಿ ಎಂದು ನೋಟಿಸ್ ಬಂತು. ಪ್ರಬಂಧಕಾರರು ಇದನ್ನು ಪ್ರಾಚೀನ ವಿಧಾನವಾದ ಭಾಗಾಕಾರದಿಂದ ಪರೀಕ್ಷಿಸಿದರು. 1.63 ಕೋಟಿಯನ್ನು ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 40 ಲಕ್ಷದ 75 ಸಾವಿರ; ಸರಕು ಮಾರುವವರ ನೋಂದಣಿಯ ಗಡಿ 40 ಲಕ್ಷ. ಗುಣಾಕಾರ ಇನ್ನೂ ರುಚಿಕರ: 1.63 ಕೋಟಿಗೆ ಶೇ 18 ಹಾಕಿದರೆ 29 ಲಕ್ಷದ 34 ಸಾವಿರ. ಅಂದರೆ ಬದನೆಕಾಯಿ, ಹೀರೇಕಾಯಿ, ಕೊತ್ತಂಬರಿ ಕಟ್ಟು, ಎಲ್ಲಕ್ಕೂ ಪೇಂಟು ಡಬ್ಬಗಳ ಸಾಲಿನಲ್ಲಿ ಜಾಗ ಸಿಕ್ಕಂತಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ, ವಹಿವಾಟು ಎಷ್ಟೇ ಇರಲಿ, ನೋಂದಣಿಯೂ ಬೇಕಿಲ್ಲ.

ಹಾಗಾದರೆ ನೋಟಿಸ್ ಬಂದದ್ದೇಕೆ? ಯುಪಿಐ ಲೆಕ್ಕದಲ್ಲಿ ಎಷ್ಟು ಬಂತು ಎಂದಿರುತ್ತದೆಯೇ ಹೊರತು ಏನು ಮಾರಿದ್ದಕ್ಕೆ ಬಂತು ಎಂದಿರುವುದಿಲ್ಲ. ಭಾವಮೈದ ತೀರಿಸಿದ ಕೈಸಾಲ, ಚೀಟಿ ಹಣ, ಮಗಳ ಫೀಸಿಗೆಂದು ಅಣ್ಣ ಹಾಕಿದ ಐದು ಸಾವಿರ, ಎಲ್ಲವೂ ಅಂಗಡಿಯ ಡಬ್ಬದಿಂದ ಒಂದೇ ದನಿಯಲ್ಲಿ ‘ರುಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿಸಿಕೊಂಡು ಒಳಗೆ ಬರುತ್ತವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಮೂಲಪಾಠ ಇಲ್ಲಿ ಭ್ರಷ್ಟವಾಗಿದೆ ಎಂಬುದು ಪ್ರಬಂಧಕಾರರ ಅನುಮಾನ. ‘ಬಾಯಲ್ಲಿ ಹೇಳಿಕೊಂಡಂತೆ’ ಎಂದಿದ್ದಿರಬೇಕು. ಎಪಿಎಂಸಿ ಚೀಟಿ, ರೈತರಿಗೆ ಹಣ ಕೊಟ್ಟ ಲೆಕ್ಕ, ಅಂಗಡಿಗೊಂದು ಮನೆಗೊಂದು ಎಂದು ಬೇರೆ ಬೇರೆ ಬ್ಯಾಂಕ್ ಖಾತೆ, ಇವಿದ್ದರೆ ಸುಂಕದವನೂ ಕೇಳುತ್ತಾನೆ. ಅಂದಹಾಗೆ ಆ ನೋಟಿಸು ಪ್ರಶ್ನೆಯೇ ಹೊರತು ತೀರ್ಪಲ್ಲ. ಗಡುವಿನೊಳಗೆ ಲಿಖಿತ ಉತ್ತರ ಕೊಡದೆ ದೇವರ ಫೋಟೊದ ಹಿಂದೆ ಸಿಕ್ಕಿಸಿಟ್ಟಾಗ ಮಾತ್ರ ಅದು ತೀರ್ಪಾಗಿ ಬೆಳೆಯುತ್ತದೆ.

ಇನ್ನು ಹಾಲಿನ ಸಮಸ್ಯೆ. ಇದು ತರ್ಕಶಾಸ್ತ್ರಕ್ಕೆ ಸೇರಿದ್ದು. ಹಾಲಿಗೆ ತೆರಿಗೆಯಿಲ್ಲ, ಪಕ್ಕದ ಚಾಕಲೇಟಿಗಿದೆ. ಎರಡನ್ನೂ ಮಾರುವ ಕಾಂಡಿಮೆಂಟ್ಸ್‌ನವರು ‘ನನ್ನ ಚಾಕಲೇಟು ವ್ಯಾಪಾರ ಐದು ಲಕ್ಷ ದಾಟಲ್ಲ’ ಎಂದು ನಿಶ್ಚಿಂತರಾಗಿರುತ್ತಾರೆ. ಆದರೆ 40 ಲಕ್ಷದ ಗಡಿ ಎಣಿಸುವಾಗ ಹಾಲಿನ ವಹಿವಾಟೂ ಸೇರುತ್ತದೆ. ತೆರಿಗೆ ಹಾಕುವಾಗ ಮಾತ್ರ ಅದು ಎದ್ದು ಆಚೆ ಹೋಗುತ್ತದೆ. ಅದೇ ಅಂಗಡಿಯವರು ನಾಲ್ಕು ಸ್ಟೂಲು ಹಾಕಿ ಚಹಾ, ಬನ್ನು ಕೊಡಲು ಶುರುಮಾಡಿದರೆ ಸರಕಿನ ಜೊತೆ ಸೇವೆ ಬೆರೆತು ಗಡಿ 20 ಲಕ್ಷಕ್ಕೆ ಇಳಿಯುತ್ತದೆ. ತಲಾ ಐದು ಲಕ್ಷದ ಸ್ಟೂಲುಗಳು!

ಗಡಿ ದಾಟಿದವರಿಗೆ ಕಾಂಪೊಸಿಷನ್ ಎಂಬ ಹಿಂಬಾಗಿಲಿದೆ, ಅದೂ ಕಾನೂನಿನದೇ. ವಹಿವಾಟು 1.5 ಕೋಟಿಯೊಳಗಿದ್ದರೆ ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ತಾನು ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಕಳೆದ ವರ್ಷದ ಪಾಪಕ್ಕೆ ಈ ವರ್ಷ ಸೇರಿ ಪ್ರಾಯಶ್ಚಿತ್ತ ಮಾಡಿಕೊಳ್ಳಲೂ ಬರುವುದಿಲ್ಲ. ನೋಟಿಸ್ ಬರುವ ಮುಂಚೆಯೇ ಸೇರಿರಬೇಕು.

ವರ್ಗೀಕರಣ ಮೀಮಾಂಸೆಗೆ ಕರ್ನಾಟಕದ ಕೊಡುಗೆಯನ್ನು ಇಲ್ಲಿ ನೆನೆಯದಿದ್ದರೆ ಅಪಚಾರ. 2020ರಲ್ಲಿ ಇಲ್ಲಿನ ಮುಂಗಡ ತೀರ್ಪು ಪ್ರಾಧಿಕಾರ, ಪ್ಯಾಕೆಟ್ಟಿನ ಪರೋಟ ರೊಟ್ಟಿಯ ಜಾತಿಗೆ ಸೇರದು, ಕಾಯಿಸದೆ ತಿನ್ನಲಾಗದು ಎಂದು ಶೇ 18 ವಿಧಿಸಿತು. ರೊಟ್ಟಿಗೆ ಶೇ 5 ಇತ್ತು. ಐದು ವರ್ಷ ಬೇರೆಯಾಗಿದ್ದ ಇಬ್ಬರೂ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯಿಲ್ಲದ ಒಂದೇ ತಟ್ಟೆಯಲ್ಲಿದ್ದಾರೆ.

ಕ್ಯೂಆರ್ ಮೇಲೆ ಹಾಳೆ ಅಂಟಿಸಿದವರು ಗಮನಿಸದ ಒಂದು ವ್ಯಾಖ್ಯಾನ ಆದಾಯ ತೆರಿಗೆಯಲ್ಲಿದೆ. ಇದು ಬೇರೆ ಇಲಾಖೆ: ಜಿಎಸ್‌ಟಿಯವರ ಕಣ್ಣು ವಹಿವಾಟಿನ ಮೇಲೆ, ಇವರ ಕಣ್ಣು ಲಾಭದ ಮೇಲೆ. ಆಡಿಟರುಗಳು ಇಂದಿಗೂ ‘ನಲವತ್ನಾಲ್ಕು ಎಡಿ’ ಎನ್ನುವ ಪದ್ಧತಿಯಲ್ಲಿ ಸಣ್ಣ ವ್ಯಾಪಾರಿ ಪೂರ್ತಿ ಲೆಕ್ಕಪುಸ್ತಕ ಇಡದೆ, ನಗದಿನ ವಹಿವಾಟಿಗೆ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6 ಲಾಭವೆಂದು ತೋರಿಸಬಹುದು. 60 ಲಕ್ಷ ಪೂರ್ತಿ ಯುಪಿಐನಲ್ಲಿ ಬಂದರೆ ಲಾಭ 3.60 ಲಕ್ಷ; ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಅದೇ ನಗದಾದರೆ 4.80 ಲಕ್ಷ. 12 ಲಕ್ಷದೊಳಗಿನವರ ರಿಯಾಯಿತಿಯಿಂದ ಅದಕ್ಕೂ ತೆರಿಗೆ ಬಾರದು, ಆದರೆ ರಿಟರ್ನ್ಸ್ ಹಾಕಲೇಬೇಕು. ನಿಜವಾದ ಲಾಭ ಇನ್ನೂ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು ಎಂಬ ವಾಕ್ಯವೂ ಕಾನೂನಿನಲ್ಲಿದೆ. ಹೆಚ್ಚಿನ ಹಸ್ತಪ್ರತಿಗಳಲ್ಲಿ ಆ ಸಾಲಿಗೆ ಗೆದ್ದಲು ಹಿಡಿದಿದೆ.

ಸಂಬಳದಾರರ ಲಿಪಿಶಾಸ್ತ್ರ ಬೇರೆಯೇ ಶಾಖೆ. ಜನವರಿಯಲ್ಲಿ ಆಫೀಸಿಗೆ ಒಪ್ಪಿಸುವ ಮನೆ ಬಾಡಿಗೆ ರಸೀತಿಗಳು ಏಪ್ರಿಲ್‌ನಿಂದ ಒಂದೇ ಪೆನ್ನಿನಲ್ಲಿ, ಒಂದೇ ಇಳಿಜಾರಿನಲ್ಲಿ, ಒಂದೇ ಕಾಫಿ ಕಲೆಯೊಂದಿಗೆ ಹುಟ್ಟಿರುತ್ತವೆ. ಅಪ್ಪನ ಮನೆಯಲ್ಲಿದ್ದು ಅಪ್ಪನಿಗೇ ಬಾಡಿಗೆ ಕೊಡುವುದು ತಪ್ಪೇನಲ್ಲ. ಹಣ ಬ್ಯಾಂಕಿನ ಮೂಲಕ ನಿಜಕ್ಕೂ ಹೋಗಬೇಕು, ಅಪ್ಪ ಅದನ್ನು ತನ್ನ ಆದಾಯದಲ್ಲಿ ತೋರಿಸಬೇಕು, ವರ್ಷಕ್ಕೆ ಲಕ್ಷ ದಾಟಿದರೆ ಅವರ ಪ್ಯಾನ್ ಕೊಡಬೇಕು. ಬಾಡಿಗೆಯ ಈ ತೆರಿಗೆ ವಿನಾಯಿತಿ ಹಳೆ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡೂ ಹನ್ನೆರಡು ರಸೀತಿ ಬರೆದು ತರುವವರನ್ನು ಶಾಸ್ತ್ರ ‘ನಿಷ್ಕಾಮಕರ್ಮಿಗಳು’ ಎಂದು ಕರೆಯುತ್ತದೆ.

ಪ್ರಬಂಧದ ಅಚ್ಚುಪ್ರತಿಗಳನ್ನು ಇಡಲು ಪ್ರಬಂಧಕಾರರು ಸ್ಟೇಷನರಿ ಅಂಗಡಿಯಲ್ಲಿ ಎರಡು ಬಾಕ್ಸ್ ಫೈಲ್ ಕೊಂಡು ಬಿಲ್ ಕೇಳಿದರು. ‘ಬಿಲ್ ಬೇಕಾ ಸಾರ್? ಹಂಗಾದ್ರೆ ಜಿಎಸ್‌ಟಿ ಸೇರಿಸ್ಬೇಕಾಗುತ್ತೆ’ ಎಂದರು ಅಂಗಡಿಯವರು. ಪ್ರಬಂಧಕಾರರು ಒಂದು ನಿಮಿಷ ಆಲೋಚಿಸಿ ಬಿಲ್ಲಿಲ್ಲದ ರೇಟಿಗೇ ದುಡ್ಡು ಕೊಟ್ಟು ಹೊರಬಂದರು. ಬರುವಾಗ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಗೀಚಿಕೊಂಡರು: ಪದ ಇನ್ನೂ ಬಳಕೆಯಲ್ಲಿದೆ.