ಬೋನು ಭಾವ

ನಮ್ಮ ಪುತ್ತೂರು, ಸುಳ್ಯದ ಕಡೆ ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಮದುವೆಯ ಹಂತಿಯಲ್ಲಿ ನಿಮ್ಮ ಪಕ್ಕವೇ ಕೂತು, ಇನ್ನೇನು ಪಾಯಸ ಬರಬೇಕು ಎನ್ನುವಾಗ, "ಈ ವರ್ಷ ನಿಮ್ಮಲ್ಲಿ ಹಂದಿ ಉಪದ್ರ ಹೇಗುಂಟು?" ಎಂದು ಕೇಳುವವರು. ಮಕ್ಕಳ ಓದು, ಅಮ್ಮನ ಮಂಡಿನೋವು ಎಲ್ಲ ಆಮೇಲೆ. "ಏನೂ ಇಲ್ಲ" ಎಂದಿರೋ, ಅವರ ಮುಖ ಬಾಡುತ್ತದೆ. "ಬಾಳೆಯೆಲ್ಲ ಮುಗಿಸಿತು ಮಾರಾಯ್ರೆ" ಎಂದರೆ ಕಣ್ಣರಳುತ್ತದೆ. ಎಲೆಯಲ್ಲಿದ್ದ ಸಾರಿನಲ್ಲೇ ಬೆರಳದ್ದಿ ಬೋನಿನ ನಕ್ಷೆ ಬಿಡಿಸತೊಡಗುತ್ತಾರೆ.

ನನ್ನ ಪಾಲಿಗೆ ಬಂದವರು ಅಕ್ಕನ ಗಂಡನ ದೊಡ್ಡಪ್ಪನ ಮಗ. ಊರೆಲ್ಲ ಕರೆಯುವಂತೆ ಬೋನು ಭಾವ ಎಂದೇ ಇರಲಿ. ಹೆಸರು ಬರೆದರೆ ಕೋಪಿಸಿಕೊಳ್ಳುವವರೇನಲ್ಲ. ಸಂತೋಷದಿಂದ ಇನ್ನೊಂದು ಬೋನು ಹಿಡಿದುಕೊಂಡು ಬಂದಾರು ಎಂಬುದೇ ನನ್ನ ಹೆದರಿಕೆ.

ಅವರಿಗೆ ಏನೂ ತಿಳಿಯದು ಎಂದರೆ ನನ್ನ ನಾಲಗೆಗೆ ಹುಳ ಬಿದ್ದೀತು. 1986ರಲ್ಲಿ ಪುತ್ತೂರಿಗೆ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ ಬಂದಾಗ ಅಡಿಕೆಯ ನಡುವೆ ಕೊಕ್ಕೊ ನೆಟ್ಟವರಲ್ಲಿ ನನ್ನ ಅಪ್ಪನೂ ಒಬ್ಬರು. ಅಪ್ಪ ನೆಟ್ಟದ್ದು ಕಾರ್ಖಾನೆಗೆಂದು. ಅಳಿಲುಗಳಿಗೆ ಅದನ್ನು ಹೇಳಿದವರಿಲ್ಲ. ಕಾಯಿ ಹಳದಿ ತಿರುಗುವುದೇ ತಡ, ತೂತು ಕೊರೆದು, ಬೀಜದ ಸುತ್ತಲಿನ ಸಿಹಿ ಲೋಳೆ ಚೀಪಿ, ಬೀಜ ಬುಡಕ್ಕೆ ಉಗುಳಿ ಹೋಗುತ್ತವೆ. ಹೋದ ಮಳೆಗಾಲದ ಕೊನೆಗೆ ಭಾವ ಅಂಥದ್ದೊಂದು ಕಾಯಿಯನ್ನು ಅಂಗೈಯಲ್ಲಿಟ್ಟು ನಾಡಿ ನೋಡುವ ಪಂಡಿತರಂತೆ ತಿರುಗಿಸಿದರು. "ತೊಟ್ಟಿನ ಹತ್ತಿರ ತೂತು ಇದ್ರೆ ಇಲಿ. ಹೊಟ್ಟೆ ನಡುವಿಗೆ ಇದ್ರೆ ಅಳಿಲು. ಇದು ಅಳಿಲು ಭಾವ." ಆಮೇಲೆ ಕೃಷಿಯ ಪುಸ್ತಕವೊಂದರಲ್ಲಿ ಇದನ್ನೇ ಓದಿದೆ. ಭಾವ ಆ ಪುಸ್ತಕ ಓದಿರಲಿಲ್ಲ. ಮೂವತ್ತು ವರ್ಷ ಅದೇ ತೋಟದಲ್ಲಿ ತಿರುಗಿದ ನಾನು ತೂತು ಎಲ್ಲಿದೆಯೆಂದು ಒಮ್ಮೆಯೂ ನೋಡಿರಲಿಲ್ಲ.

ಆ ಗೌರವದ ಹುಮ್ಮಸ್ಸಿನಲ್ಲಿ ಬೋನಿಗೆ ಒಪ್ಪಿಬಿಟ್ಟೆ.

ಮರುದಿನ ಬೆಳಗ್ಗೆ ಏಳಕ್ಕೇ ಟಿವಿಎಸ್ ಮೊಪೆಡ್ಡಿನಲ್ಲಿ ತಂತಿಬಲೆಯ ಪೆಟ್ಟಿಗೆ ಬಂತು. ಒಳಗೆ ಕೊಕ್ಕೆ, ಕೊಕ್ಕೆಗೆ ಸುಟ್ಟ ಕಾಯಿಹೋಳು, ಹೋಳು ಎಳೆದರೆ ದಡಕ್ಕನೆ ಬೀಳುವ ಬಾಗಿಲು. ಹೋಳನ್ನು ಸುಡುವ ಅಧಿಕಾರ ನನ್ನ ಹೆಂಡತಿಗಿರಲಿಲ್ಲ. "ಸಾಬೂನಿನ ವಾಸನೆ ಹಿಡೀತದೆ ತಂಗಿ" ಎಂದು ತಾವೇ ಒಲೆಯ ಮುಂದೆ ಕುಳಿತರು. ನಮ್ಮ ಉಪ್ಪಿಟ್ಟು ಅರ್ಧ ತಾಸು ತಡವಾಯಿತು. ಅಮ್ಮನದು ಬೇರೆಯೇ ತಕರಾರು. ರಾಮನ ಸೇತುವೆಗೆ ಮರಳು ಹೊತ್ತ ಜೀವಕ್ಕೆ ಬೋನೇ? ಭಾವ ಕೈಮುಗಿದು ಹೇಳಿದರು: "ಅತ್ತೆ, ಕೊಲ್ಲುದಿಲ್ಲ. ವರ್ಗಾವಣೆ ಮಾತ್ರ."

ಮೊದಲ ದಿನ ಕಾಯಿಹೋಳು ಮಾಯ, ಬಾಗಿಲು ತೆರೆದೇ ಇತ್ತು. ಎರಡನೆಯ ದಿನ ನಮ್ಮದೇ ಬೆಕ್ಕಿನ ಮರಿ ಒಳಗೆ ಕೂತು ಊರು ಕೇಳುವಂತೆ ಅಳುತ್ತಿತ್ತು. ಮೂರನೆಯ ದಿನ ಸಿಕ್ಕಿದ್ದು ನನ್ನ ಹೆಬ್ಬೆರಳು. ಉಗುರು ಕಪ್ಪಾಗಿದ್ದನ್ನು ಕಂಡು ಭಾವನಿಗೆ ನಿಜವಾಗಿ ಹಿಗ್ಗಾಯಿತು: "ನೋಡಿ, ಸ್ಪ್ರಿಂಗ್ ಎಷ್ಟು ಒಳ್ಳೇದುಂಟು!" ನಾಲ್ಕನೆಯ ದಿನ ಅಳಿಲು ಬಿತ್ತು.

ಹಿಡಿದದ್ದು ವಾಪಸು ಬರುವುದಿಲ್ಲವೆಂದು ಸಾಧಿಸಬೇಕಲ್ಲ? ಹೆಂಡತಿಯ ನೈಲ್ ಪಾಲಿಶ್ ತರಿಸಿದರು. ಜಾಲರಿಯಿಂದ ಹೊರಗೆ ಬಂದಿದ್ದ ಬಾಲದ ತುದಿಗೆ ಕಡುಕೆಂಪು ಬಳಿದು, ಊದಿ ಒಣಗಿಸಿ, ಗೋಣಿ ಮುಚ್ಚಿ ಮೊಪೆಡ್ಡಿನಲ್ಲಿಟ್ಟುಕೊಂಡು ಕುಮಾರಧಾರೆಯ ಆಚೆಗೆ ಹೋಗಿ ಬಿಟ್ಟು ಬಂದರು. ಪೆಟ್ರೋಲಿನ ಹಣ ಕೊಡಹೋದರೆ ನೊಂದುಕೊಂಡರು.

ಐದು ದಿನ ನೆಮ್ಮದಿ. ಆರನೆಯ ದಿನ ಕೊಕ್ಕೊ ಗೆಲ್ಲಿನ ಮೇಲೆ ಬಣ್ಣದ ಬಾಲವೊಂದು ಕುಣಿಯುತ್ತಿತ್ತು. ಫೋನು ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾವ ಬಣ್ಣ ಭಾವ? ಕಡುಕೆಂಪೋ, ಗುಲಾಬಿಯೋ?"

ಕಣ್ಣು ಕಿರಿದು ಮಾಡಿ ನೋಡಿದೆ. "ಗುಲಾಬಿ."

"ಹಾಗಾದ್ರೆ ನಿಮ್ಮದಲ್ಲ!" ಭಾವನಿಗೆ ಹೋದ ಜೀವ ಬಂದ ಹಾಗಾಯಿತು. "ಅದು ಆಚೆಕರೆ ಮೇಷ್ಟ್ರ ತೋಟದ್ದು. ನಿಮ್ಮದನ್ನು ಅವರಲ್ಲಿ ಬಿಟ್ಟೆ. ಅವರದ್ದನ್ನೂ ಎಲ್ಲಿಯಾದ್ರೂ ಬಿಡ್ಬೇಕಲ್ಲ? ನಿಮ್ಮಲ್ಲಿ ಒಂದು ಕಮ್ಮಿ ಇತ್ತು."

ನಗಬಾರದು. ನಮ್ಮ ಸೀಮೆಯಲ್ಲಿ ಮಂಗಗಳ ಕತೆಯೂ ಇದೇ ತಾನೆ? ಈ ಊರಿನವರು ಹಣ ಒಟ್ಟುಮಾಡಿ ಹಿಡಿಸುತ್ತಾರೆ, ರಾತ್ರಿ ಪಿಕಪ್ಪಿನಲ್ಲಿ ಸಾಗಿಸಿ ಕಾಡಂಚಿಗೆ ಬಿಡುತ್ತಾರೆ. ಆ ಕಾಡಂಚು ಇನ್ನೊಬ್ಬರ ತೋಟದ ಬೇಲಿ. ಅವರು ಇನ್ನೊಂದು ಪಿಕಪ್ಪು ಕರೆಸುತ್ತಾರೆ. ಭಾವ ಇದನ್ನು ಮೊಪೆಡ್ಡಿನಲ್ಲಿ ಮಾಡುತ್ತಾರೆ, ಲೆಕ್ಕಕ್ಕೆ ಬಣ್ಣ ಹಚ್ಚುತ್ತಾರೆ, ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಮಂಗ ಎಂದಾಗ ನೆನಪಾಯಿತು. 2019ರಲ್ಲಿ ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು ಮಂಗನನ್ನು ಹೆದರಿಸಲು ತಮ್ಮ ನಾಯಿಗೆ ಹುಲಿಪಟ್ಟೆ ಬಳಿದ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತಲ್ಲ? ಭಾವ ಆ ಕತ್ತರಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ಬಂದರು. ನಮ್ಮ ನಾಯಿಯ ಮೈಬಣ್ಣವೂ ಹೊಂದುವಂಥದ್ದೇ. ಜಗಲಿಯಲ್ಲಿ ಕೂತು ಅದನ್ನು ತುಂಬ ಹೊತ್ತು ನೋಡಿ, "ತಲೆಗೆ ಹಚ್ಚುವ ಡೈ ಮನೆಯಲ್ಲಿ ಉಂಟಾ?" ಎಂದರು. ನನ್ನ ತಲೆ ನೋಡಿದರೆ ಆ ಪ್ರಶ್ನೆ ಕೇಳಬೇಕಾಗಿರಲಿಲ್ಲ. ಅಂದಿನಿಂದ ಮೊಪೆಡ್ಡಿನ ಸದ್ದು ಕೇಳಿದರೆ ನಾಯಿ ಸೌದೆ ಕೊಟ್ಟಿಗೆ ಸೇರುತ್ತದೆ.

ಉಳಿದ ಪ್ರಾಣಿಗಳಿಗೂ ಅವರಲ್ಲಿ ಒಂದೊಂದು ಶಾಸ್ತ್ರ. ಇಲಿಗೆ ಪಾಷಾಣ ಇಡುವ ಮೊದಲು ಎರಡು ಮೂರು ದಿನ ಬರೀ ಅಕ್ಕಿಹುಡಿ, ಬೆಲ್ಲ, ತೆಂಗಿನೆಣ್ಣೆಯ ಉಂಡೆ. "ಮೊದಲು ನಂಬಿಕೆ ಬರ್ಬೇಕು, ಚೀಟಿ ಕಂಪೆನಿಯವರ ಹಾಗೆ." ಒಮ್ಮೆ ಸಂಶಯ ಬಂದರೆ ಇಲಿ ಆ ಉಂಡೆಯನ್ನು ಮತ್ತೆ ಮೂಸುವುದಿಲ್ಲವಂತೆ, ಮನುಷ್ಯರು ಮೂಸುತ್ತಾರೆ ಎಂದು ನನ್ನ ಕಡೆಗೇ ನೋಡಿದರು, ಅವರಿಗೆ ನನ್ನ ಹಳೆಯ ಚೀಟಿ ವ್ಯವಹಾರ ಗೊತ್ತು. ಅಲಸಂಡೆ ಸಸಿ ಕತ್ತಿಯಲ್ಲಿ ಓರೆಯಾಗಿ ಕೊಯ್ದಂತಿದ್ದರೆ ಅದು ಮೊಲ. ಕಾರ್ಟೂನು ನೋಡಿದ ನನ್ನ ಮಗ ಮೊಲದ ಬಿಲ ಹುಡುಕಹೋದಾಗ, "ನಮ್ಮ ಮೊಲಕ್ಕೆ ಮನೆಯೇ ಇಲ್ಲ ಮಗಾ, ಹುಲ್ಲಿನಲ್ಲೇ ಸಂಸಾರ" ಎಂದರು. ಹಂದಿಗೆ ಕ್ಷೌರದಂಗಡಿಯಿಂದ ಕೂದಲು ಚೀಲಗಟ್ಟಲೆ, ಮತ್ತು ಬೇಲಿಗೆ ಹಳೇ ಸೀರೆಗಳು. ನನ್ನ ಹೆಂಡತಿಯ ಲೆಕ್ಕದಲ್ಲಿ ಅವುಗಳಲ್ಲೊಂದು ಹಳೆಯದಾಗಿರಲಿಲ್ಲ. ಆ ವಿಷಯಕ್ಕೆ ಇಲ್ಲಿ ಹೋಗುವುದಿಲ್ಲ. ನವಿಲು ಬಂದರೆ ಮಾತ್ರ ಸುಮ್ಮನೆ ನಿಂತು ನೋಡುತ್ತಾರೆ.

ಕಾನೂನೂ ಗೊತ್ತು. 1972ರ ವನ್ಯಜೀವಿ ಕಾಯ್ದೆಯ ಐದನೇ ಶೆಡ್ಯೂಲಿನಲ್ಲಿ ಇಲಿ, ಕಾಗೆ, ಬಾವಲಿಗಳನ್ನು ಪೀಡೆಗಳೆಂದು ಪಟ್ಟಿ ಮಾಡಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಭಾವ ಅದನ್ನು ಸಾವಿನ ಸುದ್ದಿಯಂತೆ ಹೇಳಿದರು: "ಐವತ್ತು ವರ್ಷ ಇತ್ತು ಭಾವ, ಪಾಪ."

ಅವರು ಯಾರಿಗೂ ಇಲ್ಲ ಎಂದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ನೆರೆಯ ಹುಡುಗನೊಬ್ಬ ಬೈಕಿನ ಕ್ಲಚ್ ವೈರು ಸುರುಳಿ ಸುತ್ತಿಕೊಂಡು ಬಂದು, ಹಂದಿಗೆ ಉರುಳು ಕಟ್ಟಿಕೊಡಿ ಎಂದ. ಭಾವ ಕಾಫಿ ಲೋಟ ಕೆಳಗಿಟ್ಟು, "ಉರುಳು ಬೇಡ" ಎಂದರು. ಅವನು ಒತ್ತಾಯಿಸಿದ. "ಉರುಳಿಗೆ ಜಾತಕ ನೋಡ್ಲಿಕ್ಕೆ ಬರುದಿಲ್ಲ. ಹಂದಿಗೆ ಇಟ್ಟದ್ರಲ್ಲಿ ಚಿರತೆ ಬೀಳ್ತದೆ. ಹೋಗು." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅವನು ಹೋದ ಮೇಲೆ ತೋಟದ ಕಟ್ಟಪುಣಿಯಲ್ಲಿ ನಡೆಯುತ್ತ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಅವರೂ ಕಟ್ಟಿದ್ದರಂತೆ, ಗುಡ್ಡದ ಬದಿಯಲ್ಲಿ. ಅದೇ ವಾರ ಅವರ ನಾಯಿ ಕಾಣೆಯಾಯಿತು. ಮೂರು ರಾತ್ರಿ ಟಾರ್ಚು ಹಿಡಿದು ಎದುರಿನ ಗುಡ್ಡದಲ್ಲೆಲ್ಲ ಕೂಗಿ ಹುಡುಕಿದರು. ನಾಯಿ ಈಚೆ ಗುಡ್ಡದಲ್ಲೇ ಇತ್ತು, ಅವರದೇ ಉರುಳಿನಲ್ಲಿ. "ಗಿಡದ ಸುತ್ತ ನೆಲ ನುಣ್ಣಗಾಗಿತ್ತು ಭಾವ, ಅಂಗಳ ಸಾರಿಸಿದ ಹಾಗೆ. ಅಷ್ಟು ಸುತ್ತು ಬಂದಿದೆ." ಮುಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ಹೆಜ್ಜೆ ಹೋಗಿ ತೋಡಿನ ಬದಿಗೆ ಬಗ್ಗಿ, "ಇಲ್ನೋಡಿ, ಹೆಗ್ಗಣದ ಮಾಟೆ! ನಾಳೆ ಬರ್ತೇನೆ" ಎಂದರು. ಬಂದರು ಕೂಡ. ಬೆಳಗ್ಗೆ ಏಳಕ್ಕೇ, ತಿಂಡಿಗೆ ಮೊದಲು.

ಅಳಿಲಿನ ಬೋನು ಈಗಲೂ ನಮ್ಮ ಕೊಕ್ಕೊ ಮರದಲ್ಲಿದೆ. ಮಳೆಗೆ ಸ್ಪ್ರಿಂಗ್ ತುಕ್ಕು ಹಿಡಿದು ಸಡಿಲವಾಗಿದೆ; ಬಾಗಿಲು ಬೀಳುವುದಿಲ್ಲ. ಭಾವನಿಗೆ ಹೇಳಿಲ್ಲ. ಹೇಳಿದರೆ ಹೊಸ ಸ್ಪ್ರಿಂಗ್ ಬರುತ್ತದೆ, ನನ್ನ ಇನ್ನೊಂದು ಹೆಬ್ಬೆರಳು ಇನ್ನೂ ನೆಟ್ಟಗಿದೆ. ಆದರೆ ರಾತ್ರಿ ಎಂಟಕ್ಕೆ ಸರಿಯಾಗಿ ಅವರ ಫೋನು ಬರುತ್ತದೆ. ಸುಳ್ಳು ಹೇಳುವುದು ಬೇಡವೆಂದು ದಿನಾ ಒಂದು ಕಾಯಿಹೋಳು ಸುಟ್ಟು ಸಿಕ್ಕಿಸುತ್ತೇನೆ. ಗುಲಾಬಿ ಬಾಲದ್ದು ಹೊಸ್ತಿಲಲ್ಲಿ ಕುಳಿತು, ಎರಡೂ ಕೈಯಲ್ಲಿ ಹಿಡಿದು, ಸಾವಕಾಶ ತಿಂದು ಹೋಗುತ್ತದೆ.

"ಬಿತ್ತಾ ಭಾವ?"

"ಇನ್ನೂ ಇಲ್ಲ."

"ಬೀಳ್ತದೆ. ಹೋಳು ಮಾತ್ರ ತಪ್ಪಿಸ್ಬೇಡಿ."

ನಿನ್ನೆ ನಾನು ಹೊರಡುವಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಎರಡು ಹೋಳು ತಕ್ಕೊಂಡು ಹೋಗು. ಕಡುಕೆಂಪಿನದ್ದೂ ಬಂದಿದೆ."