ಮೇಷ್ಟ್ರ ಕಾರಿಗೆ ಕೂಲಿಂಗ್ ಗ್ಲಾಸು

ಭಾನುವಾರ ಬೆಳಿಗ್ಗೆ ಕಾಂಪೌಂಡಿನಾಚೆ ‘ಸೊಯ್’ ಅಂತ ಸದ್ದು. ಇಣುಕಿದರೆ ಪಕ್ಕದ ಮನೆ ಮೇಷ್ಟ್ರು ಮಗಳ ಹೇರ್ ಡ್ರೈಯರ್ ಹಿಡಿದು ಕಾರಿನ ಹೆಡ್‌ಲೈಟಿಗೆ ಬಿಸಿಗಾಳಿ ಹೊಡೆಯುತ್ತಿದ್ದಾರೆ.

“ಏನ್ ಮೇಷ್ಟ್ರೇ, ಕಾರಿಗೆ ಎಣ್ಣೆಸ್ನಾನ ಆಯ್ತಾ? ತಲೆ ಒಣಗಿಸ್ತಿದೀರಿ?”

“ಟಿಂಟ್ ಫಿಲ್ಮ್ ಸ್ವಾಮಿ! ಅಂಗಡೀಲಿ ಅಂಟಿಸೋಕೆ ಬೇರೆ ಕೂಲಿ ಕೇಳ್ತಾರೆ. ನಾವೇ ಮಾಡ್ಕೊಂಡ್ರೆ ಶಾಂಪೂ ನೀರು, ಬ್ಲೇಡು, ಹಳೇ ಎಟಿಎಂ ಕಾರ್ಡು, ಅಷ್ಟೇ.”

ಕೆಲಸವೇನೋ ಅಚ್ಚುಕಟ್ಟು. ಶಾಂಪೂ ನೀರು ಚಿಮುಕಿಸಿದರೆ ಫಿಲ್ಮು ಒಮ್ಮೆಗೇ ಕಚ್ಚಿಕೊಳ್ಳದು, ಅತ್ತಿತ್ತ ಜರುಗಿಸಿ ಕೂರಿಸಬಹುದು. ಬಿಸಿ ತಾಗಿದರೆ ಮೆತ್ತಗಾಗಿ ಲೈಟಿನ ಉಬ್ಬಿಗೆ ಒಗ್ಗುತ್ತದೆ. ಆಮೇಲೆ ಕಾರ್ಡಿನಲ್ಲಿ ನಡುವಿನಿಂದ ಅಂಚಿಗೆ ನೀರು, ಗುಳ್ಳೆ ತಳ್ಳಬೇಕು. ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಿ ಪಳಗಿದ ಕೈ, ಒಂದು ಸುಕ್ಕೂ ಬೀಳಲಿಲ್ಲ. ಮುಂದಕ್ಕೆ ಹಳದಿ, ಹಿಂದಕ್ಕೆ ಕಪ್ಪು.

“ನಮ್ಮೂರು ಗುಬ್ಬಿ ಸ್ವಾಮಿ. 1884ರ ನಾಟಕ ಕಂಪನಿ ನಮ್ದು. ವೀರಣ್ಣೋರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೇನೇ ರಂಗಕ್ಕೆ ತಂದೋರು. ನಾನು ಎರಡು ಲೈಟಿಗೆ ಬಣ್ಣ ಕಟ್ಟಬಾರ್ದಾ?”

“ಅಲ್ಲಿ ನೋಡೋರು ಕುರ್ಚೀಲಿ ಕೂತಿರ್ತಾರೆ ಮೇಷ್ಟ್ರೇ. ಇಲ್ಲಿ ಹಿಂದಿನಿಂದ ಲಾರಿ ಬರುತ್ತೆ!”

ನಕ್ಕು ಸುಮ್ಮನಾದರು.

ಮುಂದಿನ ವಾರ ಕುಣಿಗಲ್‌ನಲ್ಲಿ ಮದುವೆ. ಊಟ ಮುಗಿಸಿ ರಾತ್ರಿ ಹೆಬ್ಬೂರಿನ ಮೇಲೆ ವಾಪಸ್ ಬರುತ್ತಿದ್ದರಂತೆ. ಹಳದಿ ಬೆಳಕಿಗೆ ಹಳದಿ ಹುಲ್ಲಿನ ಗಾಡಿ ಮೂಗಿನ ಹತ್ತಿರ ಬಂದಾಗಲೇ ಕಂಡಿದ್ದು. ಗಕ್ಕನೆ ಬ್ರೇಕ್ ಒತ್ತಿದರು. ಕಪ್ಪು ಫಿಲ್ಮಿನ ಹಿಂದೆ ಬ್ರೇಕ್ ಲೈಟು ಉರಿದದ್ದು ಹಿಂದಿದ್ದ ಬೈಕಿನ ಹುಡುಗನಿಗೆ ಕಾಣಲೇ ಇಲ್ಲ. ಬಂಪರ್‌ಗೆ ಮುತ್ತಿಟ್ಟ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಬಿತ್ತು.

ಫಿಲ್ಮು ಯಾವ ಬಣ್ಣದ್ದಾದರೂ ಬೆಳಕನ್ನು ತಿನ್ನುತ್ತದೆಯೇ ಹೊರತು ಕೊಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಲೆಕ್ಕ ಸರಳ: ಮುಂದಿನ ದೀಪ 155 ಮೀಟರ್ ಆಚೆಗಿನ ಜನರನ್ನು, ವಾಹನವನ್ನು ತೋರಿಸಬೇಕು, ಹಿಂದಿನ ಕೆಂಪು ದೀಪ ಅಷ್ಟೇ ದೂರಕ್ಕೆ ಕಾಣಬೇಕು. ಮುಂದಿನ ದೀಪ ನಮ್ಮ ಕಣ್ಣಿಗೆ, ಹಿಂದಿನದು ಪರರ ಕಣ್ಣಿಗೆ. ಹಾಗಂತ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿಕೊಂಡು ಎದುರಿನವರನ್ನು ಕುರುಡು ಮಾಡುವವರೂ ಸಾಚಾಗಳಲ್ಲ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಅಂಥವರ ಮೇಲೆ ಕೇಸು ಹಾಕತೊಡಗಿದ್ದಾರೆ.

ಈ ಭಾನುವಾರ ಮತ್ತೆ ‘ಸೊಯ್’. ಅದೇ ಡ್ರೈಯರ್, ಈ ಸಲ ಕೀಳುವುದಕ್ಕೆ. ಉಳಿದ ಅಂಟಿಗೆ ಮೇಷ್ಟ್ರು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು.

“ಎಣ್ಣೆಸ್ನಾನ ಈಗಾಯ್ತು ನೋಡಿ,” ಅಂದರು.

ನಿಮ್ಮ ಕಾರಿನ ಲೈಟು ಬಿಸಿಲಿಗೆ ಮಬ್ಬಾಗಿದ್ದರೆ ಪಾಲಿಶ್ ಮಾಡಿಸಿ. ಬಣ್ಣದ ಬೆಳಕೇ ಬೇಕೆಂದರೆ, ಒಂದು ಟಿಕೆಟ್ ತೆಗೆದುಕೊಂಡು ನಾಟಕ ನೋಡಿ.