ಬರುವುದಿಲ್ಲ ಎಂಬುದನ್ನೂ ಹೇಳಿ

ನಗರ ಸಾರಿಗೆಯಲ್ಲಿ ಪ್ರಕಟಣೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಬಸ್ಸಿನ ವಿಚಾರದ ಪತ್ರಗಳು ಸಾಮಾನ್ಯವಾಗಿ ಮಂತ್ರಿಗಳಿಗೋ ವ್ಯವಸ್ಥಾಪಕ ನಿರ್ದೇಶಕರಿಗೋ ಹೋಗುತ್ತವೆ. ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಮಾರ್ಗ ಬದಲಾದಾಗ, ವೇಳೆ ಬದಲಾದಾಗ, ಹೊಸ ಬಸ್ಸು ಬಿಟ್ಟಾಗ ನಾಲ್ಕು ಸಾಲು ಬರೆದು ಪತ್ರಿಕೆಗಳಿಗೆ ಕಳಿಸುವವರು, ಜಾಲತಾಣಕ್ಕೆ ಹಾಕುವವರು, ಸ್ಟಾಪಿನಲ್ಲಿ ಅಂಟಿಸಲು ಕೊಡುವವರು ನೀವು. ಬೆಂಗಳೂರೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ನಗರ ಬಸ್ಸುಗಳಿವೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಕಲಬುರಗಿ ಸೇರಿಸಿದರೆ ನಿಮ್ಮ ನಾಲ್ಕು ಸಾಲನ್ನು ನಂಬಿ ಬೆಳಗ್ಗೆ ಮನೆ ಬಿಡುವವರು ಎಷ್ಟೊಂದು ಮಂದಿ ಎಂಬುದು ನಿಮಗೇ ಗೊತ್ತು.

ಕೇಳಿಕೊಳ್ಳುವುದು ಒಂದೇ. ಬಸ್ಸು ಬರುತ್ತದೆ ಎಂದು ಹೇಳುವಷ್ಟೇ ಶ್ರದ್ಧೆಯಿಂದ, ಬರುವುದಿಲ್ಲ ಎಂಬುದನ್ನೂ ಹೇಳಿ.

ಹೊಸ ಮಾರ್ಗ ಶುರುವಾದ ದಿನ ಬಸ್ಸಿಗೆ ಹೂವಿನ ಹಾರ, ಬಾಳೆಕಂದು, ಹಸಿರು ಬಾವುಟ. ಮರುದಿನ ಪತ್ರಿಕೆಯಲ್ಲಿ ಹೊರಡುವ ವೇಳೆ, ಹೋಗುವ ದಾರಿ, ದರ ಎಲ್ಲವೂ ಇರುತ್ತದೆ. ಅದು ಬೇಕಾದದ್ದೇ. ಆದರೆ ಅದೇ ಮಾರ್ಗದ ಟ್ರಿಪ್ಪುಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದಾಗ, ಮಧ್ಯಾಹ್ನದ ಬಸ್ಸು ನಿಂತಾಗ, ಭಾನುವಾರದ ಬಸ್ಸು ಇಲ್ಲವಾದಾಗ ಒಂದು ಸಾಲೂ ಹೊರಬರುವುದಿಲ್ಲ. ಅದು ನಿಂತಿದೆ ಎಂಬುದು ಜನಕ್ಕೆ ತಿಳಿಯುವುದು ಕಾದು ಕಾದು ಸೋತ ಮೇಲೆ. ಮೊದಲ ವಾರ ‘ಇವತ್ತು ತಡ’ ಎಂದುಕೊಳ್ಳುತ್ತಾರೆ, ಎರಡನೇ ವಾರ ‘ತಪ್ಪಿಸಿಕೊಂಡೆ’ ಎಂದುಕೊಳ್ಳುತ್ತಾರೆ. ಮೂರನೇ ವಾರ ಯಾರೋ ಕಂಡಕ್ಟರ್ ಕಿಟಕಿಯಿಂದಲೇ ಹೇಳುತ್ತಾರೆ: ‘ಅದು ನಿಂತೋಗಿ ಬಹಳ ದಿನ ಆಯ್ತಲ್ಲಮ್ಮ.’

ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಡೆ ಬೆಳಗಿನ ಸ್ಟಾಪುಗಳಲ್ಲಿ ನಿಲ್ಲುವವರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೇ ಬಹಳ. ಗೇಟು ಮುಚ್ಚುವ ಸಮಯ ಅವರಿಗೆ ಗೊತ್ತು, ತಡವಾದರೆ ಸಂಬಳದಲ್ಲಿ ಎಷ್ಟು ಹೋಗುತ್ತದೆ ಎಂಬುದೂ ಗೊತ್ತು. ಗೊತ್ತಿಲ್ಲದ್ದು ಬಸ್ಸಿನ ಸುದ್ದಿ ಮಾತ್ರ. ಓಡಿ ಬಂದವಳು ಮೊದಲು ಕೇಳುವ ಪ್ರಶ್ನೆ ‘ಹೋಯ್ತಾ ಅಕ್ಕ?’ ಬರುವ ಉತ್ತರ ‘ಇಲ್ಲ ಕಣೆ, ನಾನೂ ನೋಡ್ತಾ ಇದೀನಿ.’ ಇಬ್ಬರಿಗೂ ತಿಳಿಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಇವರ ಪ್ರಯಾಣಕ್ಕೆ ದುಡ್ಡಿಲ್ಲ. ಆದರೆ ಬಾರದ ಬಸ್ಸಿಗೆ ಕಾದು, ಕೊನೆಗೆ ಮೂವರು ಸೇರಿ ಆಟೊ ಹತ್ತಿದರೆ 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೇ 36 ರೂಪಾಯಿ, ಅಲ್ಲಿಂದಾಚೆ ಕಿಲೋಮೀಟರಿಗೆ 18. ಈ ದುಡ್ಡನ್ನು ಆ ಹೆಣ್ಣುಮಗಳು ತೆರುವುದು, ಅರ್ಧ ಗಂಟೆ ಮೊದಲು ಯಾರೂ ‘ಇವತ್ತು ಆ ಟ್ರಿಪ್ ಇಲ್ಲ’ ಎಂದು ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ. ಮುಂಚೆಯೇ ತಿಳಿದಿದ್ದರೆ ಪಕ್ಕದ ರಸ್ತೆಗೆ ನಡೆದು ಬೇರೆ ಬಸ್ಸು ಹಿಡಿಯುತ್ತಿದ್ದಳು.

ಬಸ್ಸು ರದ್ದಾಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಬ್ರೇಕು ಸರಿಯಿಲ್ಲದ ಬಸ್ಸು ಡಿಪೊದಲ್ಲೇ ಉಳಿಯಬೇಕು. ಚಾಲಕರಿಗೆ ಜ್ವರ ಬರುತ್ತದೆ, ಮನೆಯಲ್ಲಿ ಸಾವಾಗುತ್ತದೆ. ಸಮಾವೇಶಕ್ಕೆಂದು ಬಸ್ಸುಗಳನ್ನು ಬಾಡಿಗೆಗೆ ಕಳಿಸಬೇಕಾದ ದಿನಗಳೂ ಇವೆ. ಇದೆಲ್ಲ ನಡೆಯುವುದೇ. ನನ್ನನ್ನು ಕಾಡುವುದು ಬೇರೆ. ಆ ಟ್ರಿಪ್ ಇಲ್ಲ ಎಂಬುದು ಡಿಪೊದಲ್ಲಿ ಶೆಡ್ಯೂಲ್ ಹಂಚುವವರಿಗೆ ಬೆಳಕು ಹರಿಯುವ ಮುಂಚೆಯೇ ಗೊತ್ತಿರುತ್ತದೆ. ಸಮಾವೇಶದ ಬಸ್ಸಾದರೆ ಹಿಂದಿನ ದಿನವೇ. ನಿಲ್ದಾಣದ ಸಂಚಾರ ನಿಯಂತ್ರಕರಿಗೂ ಬೇಗ ತಿಳಿಯುತ್ತದೆ. ಸುದ್ದಿ ಹುಟ್ಟಿದೆ, ಕಾಗದದ ಮೇಲೆ ಬಂದಿದೆ, ಆದರೆ ಆ ಕಾಂಪೌಂಡು ದಾಟುವುದಿಲ್ಲ. ದಾಟಿಸುವುದು ಯಾರ ಕೆಲಸ ಎಂದು ಯಾರಿಗೂ ಹೇಳಿಲ್ಲ. ಅದು ನಿಮ್ಮ ಕೆಲಸವಾಗಲಿ ಎಂದೇ ಈ ಪತ್ರ.

ನಮ್ಮ ರಾಜ್ಯಕ್ಕೆ ಇದು ಹೊಸತೇನಲ್ಲ. 2012ರಲ್ಲೇ ಮೈಸೂರಿನ ನಗರ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ ಜಿಪಿಎಸ್ ಅಳವಡಿಸಿತು, ನಿಲ್ದಾಣಗಳಲ್ಲಿ ಫಲಕ ಹಾಕಿತು, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಎಂದು ತೋರಿಸಿತು. ಸುಮಾರು 500 ಬಸ್ಸುಗಳು, ನೂರಕ್ಕೂ ಹೆಚ್ಚು ತಂಗುದಾಣಗಳು. ಯೋಜನೆಗೆ ಇಟ್ಟ ಹೆಸರು ‘ಮಿತ್ರ’. ನಗರ ಬಸ್ಸಿಗೆ ಇಂಥ ವ್ಯವಸ್ಥೆ ತಂದ ದೇಶದ ಮೊದಲ ಊರುಗಳಲ್ಲಿ ಮೈಸೂರು ಒಂದು. ಬೆಂಗಳೂರಿಗೆ ಅದು 2016ರಲ್ಲಿ ಬಂತು; ಈಗಿನ ‘ನಮ್ಮ ಬಿಎಂಟಿಸಿ’ ಆ್ಯಪ್ 2023ರದ್ದು. ಲಂಡನ್ ತನ್ನ ಬಸ್ ಸ್ಟಾಪುಗಳಲ್ಲಿ ನಿಮಿಷ ತೋರಿಸುವ ಫಲಕಗಳ ಪ್ರಯೋಗ ಶುರುಮಾಡಿದ್ದು 1992ರಲ್ಲಿ. ಹಾಗೆ ನೋಡಿದರೆ ನಾವು ಬಹಳ ಹಿಂದೆ ಬಿದ್ದವರೂ ಅಲ್ಲ. ಯಂತ್ರ ತಂದಿದ್ದೇವೆ, ದುಡ್ಡು ಹಾಕಿದ್ದೇವೆ. ಆದರೆ ಯಂತ್ರಕ್ಕೆ ದಿನದಿನದ ಸತ್ಯ ತಿಳಿಸುವವರು ಬೇಕಲ್ಲ?

ಆ್ಯಪ್ ನೋಡಿ ಸ್ಟಾಪಿಗೆ ಬಂದವರಿಗೆಲ್ಲ ಒಂದು ಅನುಭವ ಇದ್ದೇ ಇದೆ. ಏಳು ನಿಮಿಷ ಎನ್ನುತ್ತದೆ, ಮೂರು ಎನ್ನುತ್ತದೆ, ಆಮೇಲೆ ಬಸ್ಸು ಪರದೆಯಿಂದಲೇ ಮಾಯ. ರಸ್ತೆಯಲ್ಲಿ ಏನೂ ಬಂದಿರುವುದಿಲ್ಲ. ಇದು ಆಗುವ ಬಗೆ ನಿಮಗೆ ತಿಳಿಯದ್ದಲ್ಲ. ಬೆಳಗ್ಗೆ ಒಂದು ಬಸ್ಸು ಕೆಟ್ಟಿತು, ಆ ಶೆಡ್ಯೂಲಿಗೆ ಡಿಪೊದವರು ಬೇರೆ ಬಸ್ಸು ಕೊಟ್ಟರು, ಆದರೆ ಕಂಪ್ಯೂಟರಿನಲ್ಲಿ ಹಳೆಯ ಬಸ್ಸೇ ಉಳಿಯಿತು. ಆಗ ರಸ್ತೆಯ ಮೇಲಿನ ನಿಜವಾದ ಬಸ್ಸು ಆ್ಯಪ್‌ಗೆ ಕಾಣದು. ಡಿಪೊದಲ್ಲಿ ನಿಂತದ್ದು ಓಡುತ್ತಿರುವ ಲೆಕ್ಕ. ಇಲ್ಲವೇ ಉಪಕರಣ ಕೆಟ್ಟಿದೆ, ತಂತ್ರಾಂಶ ವೇಳಾಪಟ್ಟಿಯ ಸಮಯವನ್ನೇ ತೋರಿಸುತ್ತಿದೆ. ಪಟ್ಟಿಯ ಸಮಯವನ್ನು ಒಂದು ಬಣ್ಣದಲ್ಲಿ, ಜಿಪಿಎಸ್‌ನಿಂದ ಬಂದ ಸಮಯವನ್ನು ಇನ್ನೊಂದು ಬಣ್ಣದಲ್ಲಿ ತೋರಿಸಿದರೂ ಸಾಕು, ಯಾವುದನ್ನು ಎಷ್ಟು ನಂಬಬೇಕೆಂದು ಜನ ತಾವೇ ತೀರ್ಮಾನಿಸುತ್ತಾರೆ. ಎರಡೂ ಒಂದೇ ಬಣ್ಣದಲ್ಲಿದ್ದರೆ ನಿಜವನ್ನೂ ನಂಬದಂತಾಗುತ್ತದೆ.

ಜಗತ್ತಿನ ಬಸ್ ಸಂಸ್ಥೆಗಳು ಮಾಹಿತಿ ಹಂಚಿಕೊಳ್ಳುವ ಜಿಟಿಎಫ್‌ಎಸ್ ಎಂಬ ಮಾದರಿ ನಿಮಗೆ ಪರಿಚಿತ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ರೂಪಿಸಿದ್ದು. 2011ರಲ್ಲಿ ಅದಕ್ಕೆ ಸೇರಿದ ‘ರಿಯಲ್‌ಟೈಮ್’ ಭಾಗವನ್ನು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು. ಟ್ರಿಪ್ ರದ್ದಾಗಿದೆ ಎಂದು ಹೇಳಲು ಅಲ್ಲಿ ಪ್ರತ್ಯೇಕ ಜಾಗವಿದೆ. ಕಾರಣ ಹೇಳಲು ಒಂದು ಪಟ್ಟಿ: ಮುಷ್ಕರ, ಪ್ರತಿಭಟನೆ, ಅಪಘಾತ, ರಜಾದಿನ, ಹವಾಮಾನ, ಕಾಮಗಾರಿ. ಪರಿಣಾಮ ಹೇಳಲು ಇನ್ನೊಂದು: ಬಸ್ಸಿಲ್ಲ, ಬಸ್ಸು ಕಡಿಮೆ, ಬಹಳ ತಡ, ಸುತ್ತುದಾರಿ, ಸ್ಟಾಪು ಬೇರೆಡೆಗೆ ಹೋಗಿದೆ. ಎಲ್ಲೋ ಕೂತು ಬರೆದವರಿಗೆ ಬಸ್ಸು ಬಾರದಿರುವುದು ದಿನನಿತ್ಯದ ಸಂಗತಿ ಎಂಬುದು ಗೊತ್ತಿತ್ತು, ಅದನ್ನು ಮುಚ್ಚಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

ಸುತ್ತುದಾರಿಯ ಮಾತು ಬಂತು. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಗೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಮೈಸೂರಿನ ಜಂಬೂ ಸವಾರಿ ವಿಜಯದಶಮಿಯಂದು. ಇವುಗಳ ತಾರೀಖನ್ನು ಯುಗಾದಿಗೆ ಕೊಂಡ ಪಂಚಾಂಗವೇ ಹೇಳುತ್ತದೆ. ಅಂದು ಯಾವ ರಸ್ತೆ ಮುಚ್ಚುತ್ತದೆ ಎಂಬುದೂ ವರ್ಷ ವರ್ಷ ಹೆಚ್ಚು ಬದಲಾಗುವುದಿಲ್ಲ. ಹೀಗಿದ್ದೂ ಬಸ್ಸು ಎಲ್ಲಿ ತಿರುಗುತ್ತದೆ, ಎಲ್ಲಿ ಹತ್ತಬೇಕು ಎಂಬುದು ಅಂದಿನ ದಿನ ಕಂಡಕ್ಟರಿಗೇ ಪ್ರಯಾಣಿಕರಿಂದ ತಿಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಂಡಕ್ಟರ್ ತಪ್ಪೇನು? ಒಂದು ವಾರ ಮೊದಲು ಆ ರಸ್ತೆಯ ಸ್ಟಾಪುಗಳಲ್ಲಿ ದಪ್ಪಕ್ಷರದ ಒಂದು ಹಾಳೆ, ಆ ಮಾರ್ಗದ ಪ್ರತಿ ಬಸ್ಸಿನ ಒಳಗೊಂದು ಹಾಳೆ, ಚಾಲಕ-ನಿರ್ವಾಹಕರ ಕೈಗೊಂದು ಹಾಳೆ. ಇಷ್ಟು ಮಾಡಬಹುದು.

ಆ ಹಾಳೆಯಲ್ಲಿ ಏನು ಬರೆಯಬೇಕು ಎಂಬ ಬಗ್ಗೆಯೂ ಒಂದು ಮಾತು. ‘ಕಾರ್ಯಾಚರಣೆಯ ಹಿತದೃಷ್ಟಿಯಿಂದ ಸದರಿ ಮಾರ್ಗದ ಅನುಸೂಚಿಗಳನ್ನು ಪರಿಷ್ಕರಿಸಲಾಗಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ’ ಎಂದು ಬರೆದರೆ ಕಡತಕ್ಕೆ ಸರಿಹೋಗುತ್ತದೆ. ಸ್ಟಾಪಿನಲ್ಲಿ ನಿಂತವರಿಗೆ ಬೇಕಾದದ್ದು ಹೀಗೆ: ‘ಬೆಳಗ್ಗೆ 7.10ರ ಬಸ್ಸು ಸೋಮವಾರದಿಂದ ಇಲ್ಲ. ಮುಂದಿನ ಬಸ್ಸು 7.50ಕ್ಕೆ. ಅವಸರ ಇರುವವರು ಮುಂದಿನ ಸರ್ಕಲ್‌ನಲ್ಲಿ ಬೇರೆ ಬಸ್ಸು ಹಿಡಿಯಬಹುದು.’ ಕಾದು ನಿಂತವಳಿಗೆ ಏನು ಮಾಡಬೇಕೆಂದು ತಿಳಿಯಿತು, ಅಷ್ಟೇ ಬೇಕಾದದ್ದು.

ನಂಬರುಗಳ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. 1997ರ ಆಗಸ್ಟ್‌ನಲ್ಲಿ ಬಿಎಂಟಿಸಿ ಬೇರೆ ಸಂಸ್ಥೆಯಾಗಿ ಇಷ್ಟು ಕಾಲವಾದರೂ ಹಳಬರ ಬಾಯಲ್ಲಿ ಅದು ಇವತ್ತಿಗೂ ಬಿಟಿಎಸ್. 365 ಅಂದರೆ ಬನ್ನೇರುಘಟ್ಟ, 335ಇ ಅಂದರೆ ಕಾಡುಗೋಡಿ, 500ಡಿ ಅಂದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡು. ಓದಲು ಬಾರದ ಹಿರಿಯರೂ ಅಂಕಿ ಗುರುತಿಟ್ಟುಕೊಂಡೇ ಹತ್ತುತ್ತಾರೆ. ಆ ಅಂಕಿಗೆ ಒಂದು ಅಕ್ಷರ ಸೇರಿಸುವುದು, ಒಂದನ್ನು ತೆಗೆದು ಇನ್ನೊಂದು ಇಡುವುದು ಕಚೇರಿಯಲ್ಲಿ ಒಂದು ಸಾಲಿನ ತಿದ್ದುಪಡಿ; ರಸ್ತೆಯಲ್ಲಿ ಅದು ಮನೆ ಬದಲಿಸಿ ವಿಳಾಸ ಹೇಳದೆ ಹೋದ ಹಾಗೆ. ಬದಲಿಸಲೇಬೇಕಾದರೆ ಕೆಲವು ತಿಂಗಳು ಹಳೆಯ ನಂಬರನ್ನೂ ಜೊತೆಗೇ ಹಾಕಿ. ಎಲ್‌ಇಡಿ ಬೋರ್ಡಿನಲ್ಲಿ ನಂಬರು ಓಡದೆ ಒಂದೆಡೆ ನಿಲ್ಲಲಿ, ದೊಡ್ಡದಾಗಿರಲಿ. ಅಕ್ಷರಗಳು ಸರಿದು ಕನ್ನಡ ಹೋಗಿ ಇಂಗ್ಲಿಷ್ ಬಂದು ಮತ್ತೆ ಕನ್ನಡ ಬರುವಷ್ಟರಲ್ಲಿ ಬಸ್ಸೇ ಸ್ಟಾಪು ದಾಟಿರುತ್ತದೆ.

ಎಲ್ಲವನ್ನೂ ಫೋನಿಗೆ ಕಳಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಈಗ ಬಲವಾಗುತ್ತಿದೆ. ಡೇಟಾ ಮುಗಿದ ಫೋನು, ಬಟನ್ ಫೋನು, ಮಗ ಕೆಲಸಕ್ಕೆ ಹೋಗುವಾಗ ತೆಗೆದುಕೊಂಡು ಹೋದ ಫೋನು ಇವೆಲ್ಲ ಇರುವ ಊರು ಇದು. ಕಣ್ಣು ಕಾಣದವರಿಗೆ ಫಲಕವೂ ಉಪಯೋಗವಿಲ್ಲ. ಮೈಸೂರಿನ ನಗರ ಬಸ್ಸುಗಳಲ್ಲಿ ‘ಧ್ವನಿ ಸ್ಪಂದನ’ ಎಂಬ ಉಪಕರಣ ಅವರಿಗೆ ಬಸ್ಸಿನ ನಂಬರನ್ನು ಕೂಗಿ ಹೇಳುತ್ತದೆ. ಅದು ಎಲ್ಲ ಊರಿನ ಬಸ್ಸಿಗೂ ಬರಬೇಕು. ಮಂಗಳೂರಿನ ಖಾಸಗಿ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದು ಕೂಗುವ ಕಂಡಕ್ಟರ್ ದಶಕಗಳಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಮಾಹಿತಿ ಕೇಳಿಸಲೂ ಬೇಕು, ಕಾಣಿಸಲೂ ಬೇಕು.

ನಾವು ನಿಮಗೆ ಕೊಡುವ ಮಾಹಿತಿಯನ್ನೂ ಒಮ್ಮೆ ನೋಡಿ. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರದಿಂದ ಹೊರಬರುವ ಪ್ರತಿ ಟಿಕೆಟ್ಟು, ಹೆಣ್ಣುಮಕ್ಕಳ ಶೂನ್ಯ ಟಿಕೆಟ್ಟೂ ಸೇರಿ, ಎಲ್ಲಿ ಹತ್ತಿದೆವು, ಎಲ್ಲಿಗೆ ಹೊರಟೆವು, ಎಷ್ಟು ಹೊತ್ತಿಗೆ ಎಂಬುದನ್ನು ಹೇಳುತ್ತದೆ. ಯಾವ ಸ್ಟಾಪಿನಲ್ಲಿ ಎಷ್ಟು ಗಂಟೆಗೆ ಎಷ್ಟು ಜನ ಹತ್ತುತ್ತಾರೆ ಎಂಬುದು ಹೀಗೆ ನಿಮ್ಮ ಕಚೇರಿಗೆ ದಿನವೂ ತಲುಪುತ್ತಿದೆ. ಒಂದು ಟ್ರಿಪ್ ಬಿಟ್ಟರೆ ಯಾರು ಕಾದು ನಿಲ್ಲುತ್ತಾರೆ ಎಂದು ಅದನ್ನು ನೋಡಿಯೇ ಅಂದಾಜಿಸಬಹುದು. ಅಲ್ಲಿಗೆ ಮೊದಲು ಸುದ್ದಿ ಮುಟ್ಟಿಸಬಹುದು.

ಎಲ್ಲವೂ ಒಟ್ಟಿಗೆ ಆಗುವುದಿಲ್ಲ ಎಂದು ಬಲ್ಲೆ. ಹಾಗಾಗಿ ರಾತ್ರಿಯ ಕೊನೆಯ ಬಸ್ಸಿನಿಂದ ಶುರುಮಾಡಿ. ಹಗಲು ಒಂದು ಬಸ್ಸು ತಪ್ಪಿದರೆ ಇನ್ನೊಂದಾದರೂ ಇರುತ್ತದೆ. ಶಿಫ್ಟ್ ಮುಗಿಸಿದ ನರ್ಸು, ಹೋಟೆಲಿನ ಹುಡುಗ, ಆಸ್ಪತ್ರೆಯಲ್ಲಿ ತಂದೆಯನ್ನು ಬಿಟ್ಟು ಬಂದ ಮಗಳು ಕೊನೆಯ ಬಸ್ಸು ತಪ್ಪಿದರೆ ಹೋಗುವುದೆಲ್ಲಿಗೆ? ಪ್ರತಿ ಸ್ಟಾಪಿನಲ್ಲಿ, ಆ ಸ್ಟಾಪಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಬಣ್ಣದಲ್ಲಿ ಬರೆಸಿ. ಅದು ರದ್ದಾದ ರಾತ್ರಿ, ಅದರ ಹಿಂದಿನ ಟ್ರಿಪ್ಪಿನ ಕಂಡಕ್ಟರಿಗೆ ಡಿಪೊದಿಂದ ಒಂದು ಫೋನ್ ಹೋಗಲಿ, ಅವರು ಪ್ರತಿ ಸ್ಟಾಪಿನಲ್ಲೂ ‘ಇವತ್ತು ಇದೇ ಕೊನೆ, ಹತ್ಕೊಳ್ಳಿ’ ಎಂದು ಕೂಗಿ ಹೇಳಲಿ. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ, ಬಜೆಟ್ಟಿಗೆ ಕಾಯಬೇಕಿಲ್ಲ. ಈ ವಾರವೇ, ಒಂದು ಡಿಪೊದಲ್ಲಿ, ಒಂದು ಮಾರ್ಗದಲ್ಲಿ ಮಾಡಿ ನೋಡಿ.

ಇತಿ,
ನಿಮ್ಮ ಬಸ್ಸುಗಳಲ್ಲೇ ಓಡಾಡುವ ಒಬ್ಬ ಪ್ರಯಾಣಿಕ